ಬಣ್ಣ ಒಣಗುವತನಕ: ಚಿತ್ರ ಬರೆಯುವವಳಿಗೆ ಪದೇ ಪದೇ ಬರುವ ಪ್ರಶ್ನೆಗಳು

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಂಚಿನ ಮನೆ. ಅದರ ಹಿತ್ತಲ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಚಿತ್ರ ಬರೆಯುತ್ತಿದ್ದೇನೆ. ಜನವರಿಯ ಒಂದು ಭಾನುವಾರ ಬೆಂಗಳೂರಿನ ಚಿತ್ರಸಂತೆಗೆ ಹೋಗಿ ಕುಮಾರಕೃಪಾ ರಸ್ತೆಯ ಬದಿಗೆ ನಿಂತರೆ ಸಂಜೆಯೊಳಗೆ ಕೇಳಿದ್ದನ್ನೇ ನೂರು ಮಂದಿ ಕೇಳಿರುತ್ತಾರೆ. ಊರಲ್ಲಿ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಅದೇ, ಬರುವ ಪತ್ರಗಳಲ್ಲೂ ಅದೇ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲು ಉಳಿದೀತು ಅನ್ನಿಸಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ಕೇಳುವವು

ಅಕ್ಕಾರ, ಚಿತ್ರಾ ತಗಿಯೋದು ಬಿಟ್ಟು ಬ್ಯಾರೆ ಏನ್ ಕೆಲಸಾ ಮಾಡ್ತೀರಿ?

ಇದೇ ಕೆಲಸ. ಆದರೆ ಬರೀ ಚಿತ್ರ ಮಾರಿದ ದುಡ್ಡಿನಲ್ಲಿ ಮನೆ ನಡೆಯುವುದಿಲ್ಲ. ಶನಿವಾರ, ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತೇನೆ. ವರ್ಷಕ್ಕೆ ಮೂರು ನಾಲ್ಕು ಭಾವಚಿತ್ರ ಮಾಡಿಕೊಡುತ್ತೇನೆ, ಹೆಚ್ಚಾಗಿ ತೀರಿಕೊಂಡ ಅಪ್ಪ ಅಮ್ಮಂದಿರದು. ಆಗೊಮ್ಮೆ ಈಗೊಮ್ಮೆ ಪುಸ್ತಕದ ಮುಖಪುಟ. ಪಾಠದ ಹಣ ತಿಂಗಳು ತಿಂಗಳು ಬರುತ್ತದೆ, ಚಿತ್ರದ ಹಣ ಬಂದಾಗ ಬರುತ್ತದೆ. ಮೊದಲನೆಯದರಲ್ಲಿ ಕಿರಾಣಿ, ಎರಡನೆಯದರಲ್ಲಿ ಬಣ್ಣ ಮತ್ತು ಮನೆಯ ಹಂಚು ರಿಪೇರಿ. ಅಂದಹಾಗೆ, ನಮ್ಮ ಕಡೆ ಚಿತ್ರ ‘ತೆಗೆಯುತ್ತಾರೆ’, ಮೈಸೂರಿನ ಕಡೆ ‘ಬಿಡಿಸುತ್ತಾರೆ’, ನಾನು ಓದಿದ ಪುಸ್ತಕಗಳಲ್ಲಿ ‘ರಚಿಸುತ್ತಾರೆ’. ‘ಬರೆಯುವುದು’ ನಮ್ಮ ಡ್ರಾಯಿಂಗ್ ಮಾಸ್ತರರ ಮಾತು, ನನಗೆ ಅದೇ ಅಂಟಿಕೊಂಡಿದೆ.

ಇದನ್ನ ಬರೆಯೋಕೆ ಎಷ್ಟು ದಿನ ಹಿಡೀತು ಮೇಡಂ?

ಚಿತ್ರಸಂತೆಯಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಇದು. ಹಿಂದೆಯೇ ಬೆಲೆಯ ಪ್ರಶ್ನೆ ಬರುತ್ತದೆಂದು ಗೊತ್ತಿರುವುದರಿಂದ ಉತ್ತರಿಸಲು ಹಿಂಜರಿಕೆ. 24×30 ಇಂಚಿನ ಎಣ್ಣೆ ಬಣ್ಣದ ಚಿತ್ರಕ್ಕೆ ಬ್ರಶ್ಶು ಕೈಯಲ್ಲಿ ಹಿಡಿದ ಹೊತ್ತು ಕೂಡಿಸಿದರೆ ಇಪ್ಪತ್ತು, ಇಪ್ಪತ್ತೈದು ತಾಸು. ಕ್ಯಾಲೆಂಡರ್ ನೋಡಿದರೆ ಎರಡೂವರೆ ತಿಂಗಳು. ನಡುವಿನ ದಿನಗಳೆಲ್ಲ ಒಣಗುವುದಕ್ಕೆ ಹೋದವು. ಒಂದು ಪದರ ಬಿಗಿಯಾಗುವವರೆಗೆ ಮುಂದಿನದನ್ನು ಹಾಕುವ ಹಾಗಿಲ್ಲ. ಆದ್ದರಿಂದ ಕೋಣೆಯಲ್ಲಿ ಯಾವಾಗಲೂ ಐದಾರು ಚಿತ್ರ ಗೋಡೆಗೆ ಒರಗಿ ತಮ್ಮ ಸರದಿಗೆ ಕಾಯುತ್ತಿರುತ್ತವೆ. ಜಲವರ್ಣದ ಲೆಕ್ಕ ತೀರಾ ಬೇರೆ: ನಲವತ್ತು ನಿಮಿಷದಲ್ಲಿ ಆಗಿಹೋಗುತ್ತದೆ, ಆದರೆ ಆ ನಲವತ್ತು ನಿಮಿಷ ಐದು ಸಲ ಕೆಟ್ಟು ಆರನೆಯದು ನಿಂತಿರುತ್ತದೆ. ಕೆಟ್ಟ ಐದನ್ನು ಯಾರೂ ಕೇಳುವುದಿಲ್ಲ.

ನನಗ ಐವತ್ತೆರಡಾತ್ರಿ, ಈಗ ಕಲತರ ಬರತದೇನು?

ಬರುತ್ತದೆ. ಮೊದಲ ಮೂರು ತಿಂಗಳು ಬಣ್ಣ ಕೊಳ್ಳಬೇಡಿ. ಒಂದು 4ಬಿ ಪೆನ್ಸಿಲ್ಲು, ಇನ್ನೂರು ಪುಟದ ಬಿಳಿ ಹಾಳೆಯ ನೋಟ್‌ಬುಕ್ಕು ಸಾಕು. ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನು ದಿನವೂ ಬರೆಯಿರಿ. ಚಪ್ಪಲಿ ದಿನಾ ಒಂದೊಂದು ರೀತಿ ಬಿದ್ದಿರುತ್ತದೆ, ಕುಂತ ಭಂಗಿ ನೋಯುತ್ತದೆ ಎಂದು ದೂರುವುದಿಲ್ಲ. ಕೆ.ಕೆ. ಹೆಬ್ಬಾರರು (1911–1996) ನರ್ತಕರನ್ನು ಹಿಡಿದ ರೇಖಾಚಿತ್ರಗಳು ಸಿಕ್ಕರೆ ನೋಡಿ. ಗೆರೆ ಎಲ್ಲಿ ಎತ್ತಿದ್ದಾರೆ, ಎಲ್ಲಿ ಇಳಿಸಿದ್ದಾರೆ ಎಂದು ಬೆರಳನ್ನು ಅದರ ಮೇಲೆ ಗಾಳಿಯಲ್ಲಿ ಓಡಾಡಿಸಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

## ದಿನಚರಿ

ಮುಂಜಾನಿಂದ ಸಂಜಿತನಕ ಏನೇನ್ ಮಾಡ್ತೀರಿ, ಸುಮ್ನ ಹೇಳ್ರಿ

ಆರು ಗಂಟೆಗೆ ಚಹಾ ಹಿಡಿದು ಕೋಣೆಗೆ ಹೋಗಿ ನಿನ್ನೆಯದನ್ನು ನೋಡುತ್ತೇನೆ. ದೀಪ ಹಚ್ಚುವುದಿಲ್ಲ. ಮಬ್ಬು ಬೆಳಕಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ, ಕತ್ತಲೆ ಬೆಳಕಿನ ತೂಕ ಮಾತ್ರ ಕಾಣುತ್ತದೆ. ಆ ತೂಕ ತಪ್ಪಿದ್ದರೆ ಯಾವ ಬಣ್ಣ ಹಾಕಿಯೂ ಉಪಯೋಗವಿಲ್ಲ. ಆಮೇಲೆ ಕಿರುಬೆರಳ ತುದಿಯಿಂದ ಚಿತ್ರದ ಅಂಚು ಮುಟ್ಟಿ ನೋಡುವುದು. ಅಂಟಿದರೆ ಆ ಚಿತ್ರಕ್ಕೆ ಇವತ್ತು ರಜೆ. ಇವತ್ತು ಯಾವ ಚಿತ್ರದ ಮೇಲೆ ಕೆಲಸ ಎಂಬುದನ್ನು ನಾನು ತೀರ್ಮಾನಿಸುವುದಕ್ಕಿಂತ ಈ ಕಿರುಬೆರಳು ತೀರ್ಮಾನಿಸುವುದೇ ಹೆಚ್ಚು.

ಅಡುಗೆ, ಡಬ್ಬಿ, ನೀರು ಎಲ್ಲ ಮುಗಿದು ಒಂಬತ್ತೂವರೆಗೆ ಕೂತರೆ ಒಂದರವರೆಗೆ ಏಳುವುದಿಲ್ಲ. ಊಟದ ನಂತರ ಕಣ್ಣು ದಣಿದಿರುತ್ತದೆ, ಆಗ ಕೈಕೆಲಸ: ಚೌಕಟ್ಟಿಗೆ ಬಟ್ಟೆ ಬಿಗಿಯುವುದು, ಬಣ್ಣಕ್ಕೆ ಮೊದಲು ಹಾಕುವ ಬಿಳಿ ಅಸ್ತರು ಬಳಿದು ಉಜ್ಜುವುದು, ಬಡಿಗೇರನಿಗೆ ಫೋನು, ಪತ್ರ, ಪಾರ್ಸೆಲ್ಲು. ಸಂಜೆ ಸಾಧ್ಯವಾದರೆ ಕೆಲಗೇರಿ ಕೆರೆಯ ದಂಡೆಗೆ ಸ್ಕೆಚ್ ಪುಸ್ತಕ. ಕೊನೆಗೆ ಬ್ರಶ್ಶು ತೊಳೆಯುವುದು. ಮೊದಲು ಟರ್ಪೆಂಟೈನ್, ಆಮೇಲೆ ಬಟ್ಟೆ ಸೋಪನ್ನು ಅಂಗೈಗೆ ಹಚ್ಚಿಕೊಂಡು ನೊರೆ ಬೆಳ್ಳಗಾಗುವವರೆಗೆ ತಿಕ್ಕುವುದು. ಇಪ್ಪತ್ತು ನಿಮಿಷ ಬೇಕು. ಬೇಸರದ ಕೆಲಸ. ಬಿಟ್ಟರೆ ಮರುದಿನ ಬ್ರಶ್ಶು ಕಡ್ಡಿಯಾಗಿರುತ್ತದೆ.

ಮೂಡ್ ಬಂದಾಗ ಮಾತ್ರ ಬರೀತೀರಾ?

ಮೂಡ್ ಹನ್ನೊಂದು ಗಂಟೆಯ ಹೊತ್ತಿಗೆ ಬರುತ್ತದೆ. ಒಂಬತ್ತೂವರೆಗೆ ಕೂತಿದ್ದರೆ.

ಸ್ಟುಡಿಯೋಗೆ ಉತ್ತರದ ಕಿಟಕಿನೇ ಇರಬೇಕು ಅಂತಾರಲ್ಲ, ನಿಜಾನಾ?

ಯುರೋಪಿನ ಪುಸ್ತಕಗಳಲ್ಲಿ ನಿಜ. ಅಲ್ಲಿ ಸೂರ್ಯ ಮಧ್ಯಾಹ್ನ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ, ಹಾಗಾಗಿ ಉತ್ತರದ ಕಿಟಕಿಯಲ್ಲಿ ಬಿಸಿಲು ಬೀಳದ, ಬದಲಾಗದ ಬೆಳಕು. ನಾನೂ ಓದಿಕೊಂಡು ಗೌಂಡಿಯನ್ನು ಕರೆಸಿ ಉತ್ತರದ ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿದೆ. ಮೇ ತಿಂಗಳು ಬಂತು, ಕ್ಯಾನ್ವಾಸಿನ ಮೇಲೆ ನೇರ ಬಿಸಿಲು. ಧಾರವಾಡ ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಆರಂಭದಿಂದ ಆಗಸ್ಟ್ ಎರಡನೇ ವಾರದವರೆಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮಾರ್ಚ್ ಕೊನೆಯಿಂದಲೇ ಬೆಳಗ್ಗೆ, ಸಂಜೆ ಓರೆಯಾಗಿ ಇಣುಕಲು ಶುರು ಮಾಡುತ್ತಾನೆ. ಜೂನ್ ನಂತರ ಮೋಡ ಕಾಪಾಡುತ್ತದೆ, ಮೇ ತಿಂಗಳಿಗೆ ಮಾವನವರ ಹಳೆಯ ಧೋತರವೇ ಗತಿ. ಎರಡು ಮಡಿಕೆ ಮಾಡಿ ಕಿಟಕಿಗೆ ಕಟ್ಟಿದರೆ ಹಾಲಿನಂಥ ಬೆಳಕು ಬರುತ್ತದೆ.

ಕಿಟಕಿಯೇ ಇಲ್ಲದಿದ್ದರೂ ನಡೆಯುತ್ತದೆ. 5000 ಕೆಲ್ವಿನ್ ಸುತ್ತಮುತ್ತಲಿನ, ಅಂದರೆ ಹಗಲಿನಂಥ ಬಿಳಿ ಬೆಳಕಿನ, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಮೇಲಿರುವ ಎಲ್‌ಇಡಿ ಹಾಕಿಕೊಳ್ಳಿ. ಹಳದಿ ಬಲ್ಬಿನ ಕೆಳಗೆ ಹಳದಿ ಬೆರೆಸಬೇಡಿ, ಬೆಳಗಾದ ಮೇಲೆ ನಿಮಗೇ ಗಾಬರಿಯಾಗುತ್ತದೆ.

## ಬಣ್ಣ, ಎಣ್ಣೆ, ಕಾಗದ

ಎಣ್ಣಿ ಬಣ್ಣದಾಗ ಯಾವ ಎಣ್ಣಿ ಇರತದರಿ? ಗಾಣದ ಅಗಸಿ ಎಣ್ಣಿ ನಡೀತದನು?

ಕೇಳಿದವರು ನವಲಗುಂದದ ಕಡೆಯ ರೈತರು. ಅವರ ಹೊಲದಲ್ಲಿ ಅಗಸೆ ಬೆಳೆಯುತ್ತಾರಂತೆ. ಪ್ರಶ್ನೆ ಕೇಳಿ ನನಗೆ ಖುಷಿಯಾಯಿತು. ಯಾಕೆಂದರೆ ಎಣ್ಣೆ ಬಣ್ಣದ ಎಣ್ಣೆ ಅದೇ, ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಅಗಸೆಯದೇ. ಲಿನನ್ ಕ್ಯಾನ್ವಾಸು ಕೂಡ ಅದೇ ಗಿಡದ ನಾರು. ಎಣ್ಣೆ, ಬಟ್ಟೆ ಎರಡೂ ಒಂದೇ ಗಿಡದ್ದು.

ಈ ಎಣ್ಣೆ ಒಣಗುವ ಬಗೆ ಬೇರೆ. ತೊಯ್ದ ಸೀರೆ ನೀರು ಕಳೆದುಕೊಂಡು ಒಣಗುತ್ತದೆ. ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕವನ್ನು ಎಳೆದುಕೊಂಡು ಗಟ್ಟಿಯಾಗುತ್ತದೆ. ಕಡಲೆಕಾಯಿ ಎಣ್ಣೆ, ತೆಂಗಿನೆಣ್ಣೆಗೆ ಆ ಗುಣವಿಲ್ಲ, ವರ್ಷಗಟ್ಟಲೆ ಜಿಡ್ಡಾಗಿಯೇ ಇರುತ್ತವೆ. ಗಾಣದ ಅಗಸೆ ಎಣ್ಣೆಯಲ್ಲಿ ಗಸಿ, ಅಂಟು ಉಳಿದಿರುತ್ತದೆ, ಬೇಗ ಹಳದಿಗೆ ತಿರುಗುತ್ತದೆ. ಚಿತ್ರಕ್ಕೆ ಶುದ್ಧೀಕರಿಸಿದ್ದೇ ಬೇಕು.

ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಒಣಗುವುದಿಲ್ಲ. ಅಂಬರ್ ಎಂಬ ಕಂದು ಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಎರಡು ದಿನಕ್ಕೆ ಬಿಗಿಯುತ್ತದೆ. ಐವರಿ ಬ್ಲ್ಯಾಕ್, ಕ್ಯಾಡ್ಮಿಯಂ ಕೆಂಪು ವಾರ ಕಳೆದರೂ ಅಂಟುತ್ತವೆ. ಅದಕ್ಕೇ ಕೆಳಪದರಕ್ಕೆ ಅಂಬರ್, ಅದೂ ಟರ್ಪೆಂಟೈನಿನಲ್ಲಿ ತೆಳುಮಾಡಿದ್ದು. ಮೇಲೆ ಮೇಲೆ ಹೋದಂತೆ ಎಣ್ಣೆ ಹೆಚ್ಚು. ತಿರುವುಮುರುವಾದರೆ ಮೇಲಿನ ಪದರ ಮೊದಲು ಬಿಗಿದು, ಕೆಳಗಿನದು ಆಮೇಲೆ ಸರಿದು, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಅಗಸೆ ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಕಾವಿಗೆ ಹೊರಹೋಗಲು ದಾರಿಯಿಲ್ಲದೆ ತಾನೇ ಹೊತ್ತಿಕೊಳ್ಳಬಹುದು. ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ.

ಮಳೆಗಾಲದಲ್ಲಿ ನನ್ನ ಜಲವರ್ಣದ ಕಾಗದದ ಮೇಲೆ ಬಣ್ಣ ಚುಕ್ಕಿ ಚುಕ್ಕಿಯಾಗಿ ಇಂಗುತ್ತೆ. ಬಣ್ಣ ಕೆಟ್ಟಿದೆಯಾ?

ಬಣ್ಣ ಚೆನ್ನಾಗಿದೆ, ಕಾಗದ ಕೆಟ್ಟಿದೆ. ಒಳ್ಳೆಯ ಜಲವರ್ಣದ ಕಾಗದಕ್ಕೆ ಜಿಲಟಿನ್ನಿನಂಥ ಅಂಟಿನ ಲೇಪ ಇರುತ್ತದೆ, ಬಣ್ಣದ ನೀರು ಸ್ವಲ್ಪ ಹೊತ್ತು ಮೇಲೆಯೇ ನಿಲ್ಲುವುದು ಅದರಿಂದ. ನಮ್ಮ ಜಿಟಿಜಿಟಿ ಮಳೆಯ ತೇವದಲ್ಲಿ ಆ ಲೇಪಕ್ಕೆ ಬೂಷ್ಟು ಹಿಡಿದರೆ ಅಲ್ಲಲ್ಲಿ ನೀರು ನೇರ ಒಳಕ್ಕೆ ಇಳಿಯುತ್ತದೆ. ಆ ಹಾಳೆಯನ್ನು ಪೆನ್ಸಿಲ್ಲಿಗೆ ಇಟ್ಟುಕೊಳ್ಳಿ. ಹೊಸದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕಟ್ಟಿ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಜುಲೈನಲ್ಲಿ ನಾನು ಜಲವರ್ಣ ಬರೆಯುವುದು ಕಡಿಮೆ. ಒಂದು ಪದರ ಆರಲು ತಾಸು ಹಿಡಿಯುತ್ತದೆ, ಅಷ್ಟರಲ್ಲಿ ಮನಸ್ಸು ಬೇರೆಲ್ಲೋ ಹೋಗಿರುತ್ತದೆ. ಏಪ್ರಿಲಿನಲ್ಲಿ ಇದರ ವಿರುದ್ಧ: ಆಕಾಶ ಬರೆದು ಮುಗಿಸುವ ಮೊದಲೇ ಅರ್ಧ ಆಕಾಶ ಒಣಗಿರುತ್ತದೆ.

ಕ್ಯಾಮ್ಲಿನ್ ಸಾಕಾ, ಫಾರಿನ್ ಬಣ್ಣಾನೇ ಬೇಕಾ?

ಕಲಿಯಲು ಸಾಕು. ಮಾರುವ ಚಿತ್ರಕ್ಕೆ ಕಂಪನಿ ಯಾವುದೆಂದು ನೋಡುವುದಕ್ಕಿಂತ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿರುವ ಸಂಕೇತ ನೋಡಿ. ಪಿಬಿ 29 ಅಂದರೆ ಅಲ್ಟ್ರಾಮರೀನ್ ನೀಲಿ, ಯಾರು ಮಾಡಿದರೂ ಅದೇ ವರ್ಣದ್ರವ್ಯ, ಬಿಸಿಲಿಗೂ ಬಾಡದು. ಪಿಆರ್ 83 ಅಂದರೆ ಅಲಿಝರಿನ್ ಕ್ರಿಮ್ಸನ್, ಬಲು ಚಂದದ ಕೆಂಪು, ಆದರೆ ಬೆಳಕಿಗೆ ಮಾಸುತ್ತದೆ; ಅದರ ಜಾಗಕ್ಕೆ ಕ್ವಿನಾಕ್ರಿಡೋನ್ ಕೆಂಪು ತೆಗೆದುಕೊಳ್ಳಿ. ಮಾಸುತ್ತದೋ ಇಲ್ಲವೋ ಎಂಬ ಅನುಮಾನ ಇದ್ದರೆ ಕಾಗದಕ್ಕೆ ಒಂದು ಪಟ್ಟಿ ಬಳಿದು, ಅರ್ಧ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಬೇಸಿಗೆ ಕಳೆದ ಮೇಲೆ ತೆಗೆದು ನೋಡಿ. ನನ್ನ ಅಡುಗೆಮನೆ ಕಿಟಕಿಯ ಮೇಲೆ ಇಂಥ ಒಂಬತ್ತು ಪಟ್ಟಿಗಳಿವೆ. ಅತ್ತೆಯವರು ಮೊದಲು ಬೈಯುತ್ತಿದ್ದರು, ಈಗ ಯಾವುದು ಮಾಸಿತು ಎಂದು ಅವರೇ ಹೇಳುತ್ತಾರೆ.

ಧಾರವಾಡದ ಕೆಂಪು ಮಣ್ಣಿನ ಬಣ್ಣಾ ಹೆಂಗ ತರ್ತೀರಿ? ನಂದು ಇಟ್ಟಂಗಿ ಆಗತೈತಿ

ಟ್ಯೂಬಿನಿಂದ ಹಿಂಡಿದ್ದನ್ನು ಹಾಗೇ ಬಳಿದರೆ ಇಟ್ಟಂಗಿಯೇ. ನಮ್ಮ ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಬರ್ನ್ಟ್ ಸಿಯೆನ್ನಾ, ಲೈಟ್ ರೆಡ್, ಇಂಡಿಯನ್ ರೆಡ್ ಇವೂ ಕಬ್ಬಿಣದ ಆಕ್ಸೈಡುಗಳೇ. ಹಾಗಾಗಿ ಬಣ್ಣ ನಿಮ್ಮ ಕೈಯಲ್ಲಿ ಇದ್ದೇ ಇದೆ. ತಪ್ಪುವುದು ಅದರ ಪಕ್ಕದ್ದು. ಮಧ್ಯಾಹ್ನದ ಬಿಸಿಲಲ್ಲಿ ಮಣ್ಣು ನಾವು ಅಂದುಕೊಂಡಷ್ಟು ಕೆಂಪಿರುವುದಿಲ್ಲ, ಮಾಸಲು ಗುಲಾಬಿ. ಅದರ ನೆರಳು ನೇರಳೆಗೆ ವಾಲುತ್ತದೆ, ಏಕೆಂದರೆ ನೆರಳಿನ ಮೇಲೆ ಬೀಳುವುದು ಆಕಾಶದ ನೀಲಿ ಬೆಳಕು. ಲೈಟ್ ರೆಡ್ಡಿಗೆ ಬಿಳಿ, ಚೂರು ಹಳದಿ ಮಣ್ಣಿನ ಬಣ್ಣ (ಯೆಲ್ಲೋ ಓಕರ್) ಸೇರಿಸಿ ಬಿಸಿಲಿನ ಭಾಗ. ಅದೇ ಕೆಂಪಿಗೆ ಅಲ್ಟ್ರಾಮರೀನ್ ಬೆರೆಸಿ ನೆರಳಿನ ಭಾಗ. ಕಪ್ಪು ಮುಟ್ಟಬೇಡಿ.

ಮೊದಲ ಮಳೆ ಬಿದ್ದ ಮೇಲೆ ಇದೆಲ್ಲ ಬದಲಾಗುತ್ತದೆ. ಕಣಗಳ ನಡುವಿನ ಸಂದಿಗೆ ನೀರು ತುಂಬಿದಾಗ ಬೆಳಕು ಮೊದಲಿನಷ್ಟು ಚದುರುವುದಿಲ್ಲ, ಮಣ್ಣು ಒಮ್ಮೆಲೇ ಗಾಢವಾಗಿ, ನಿಜಕ್ಕೂ ಕೆಂಪಾಗಿ ಕಾಣುತ್ತದೆ. ಜೂನ್ ಮೊದಲ ವಾರದ ಆ ನಾಲ್ಕೈದು ದಿನಕ್ಕೆ ನಾನು ವರ್ಷವಿಡೀ ಕಾಯುತ್ತೇನೆ. ಆಗ ಮನೆಗೆ ನೆಂಟರು ಬಂದರೆ ನನ್ನ ಮುಖ ನೋಡುವ ಹಾಗಿರುವುದಿಲ್ಲ.

ಫೋಟೋ ನೋಡ್ಕೊಂಡು ಬರೆದರೆ ತಪ್ಪಾ?

ಭಾವಚಿತ್ರಕ್ಕೆ ನಾನೂ ಫೋಟೋ ಬಳಸುತ್ತೇನೆ, ತೀರಿಕೊಂಡವರನ್ನು ಎಲ್ಲಿಂದ ಕರೆತರುವುದು? ಆದರೆ ಬಯಲಿನ ಚಿತ್ರಕ್ಕೆ ಫೋಟೋ ಅರ್ಧ ಸುಳ್ಳು ಹೇಳುತ್ತದೆ. ಕ್ಯಾಮೆರಾ ಆಕಾಶ ಉಳಿಸಿಕೊಳ್ಳಲು ಹೋಗಿ ನೆರಳನ್ನು ಕಪ್ಪು ಮಾಡುತ್ತದೆ, ನೆರಳು ಉಳಿಸಲು ಹೋದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಕಣ್ಣಿಗೆ ಎರಡೂ ಕಾಣುತ್ತಿರುತ್ತವೆ. ರುಮಾಲೆ ಚನ್ನಬಸವಯ್ಯನವರು (1910–1988) ಬರೆದ ಬೆಂಗಳೂರಿನ ಹೂಮರಗಳನ್ನು ನೋಡಿ. ಮರದ ಕೆಳಗಿನ ನೆರಳಲ್ಲೂ ಎಷ್ಟು ಬಣ್ಣ! ಮರದ ಮುಂದೆ ನಿಂತು ಬರೆದವರಿಗೆ ಮಾತ್ರ ಅದು ಸಿಗುತ್ತದೆ. ಸ್ಥಳದಲ್ಲಿ ಅಂಗೈಯಗಲದ ಬಣ್ಣದ ಟಿಪ್ಪಣಿ ಮಾಡಿಕೊಳ್ಳಿ, ಗೆರೆಗೆ ಮನೆಯಲ್ಲಿ ಫೋಟೋ ನೋಡಿ. ನನ್ನ ರಾಜಿ ಇದು.

## ದುಡ್ಡು, ಓದು, ಹಕ್ಕು

ಇಷ್ಟ್ಯಾಕ್ರೀ ರೇಟು? ಸ್ವಲ್ಪ ನೋಡಿ ಕೊಡ್ರಿ

ಅಳತೆಯ ಮೇಲೆ ಲೆಕ್ಕ. ಉದ್ದ, ಅಗಲ ಕೂಡಿಸಿ, ಇಂಚಿಗಿಷ್ಟು ಎಂದು ಗುಣಿಸುತ್ತೇನೆ. ಇಂಚಿಗೆ 250 ರೂಪಾಯಿ ಎಂದಿಟ್ಟುಕೊಳ್ಳಿ: 12×12ಕ್ಕೆ 6,000, 24×24ಕ್ಕೆ 12,000. ಹಲವರು ಚದರ ಇಂಚು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಚಿಕ್ಕದು 6,000 ಇದ್ದರೆ ದೊಡ್ಡದು 24,000 ಆಗುತ್ತದೆ. ದೊಡ್ಡದು ಮಾರುವುದೇ ಇಲ್ಲ, ಅದು ಮಾರಲೆಂದು ದರ ಇಳಿಸಿದರೆ ಚಿಕ್ಕದು ತೀರಾ ಅಗ್ಗವಾಗುತ್ತದೆ. ಗ್ಯಾಲರಿಗಳು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಟ್ಟುಕೊಳ್ಳುತ್ತವೆ. ಹಾಗೆಂದು ಮನೆಯಲ್ಲಿ ಕಡಿಮೆಗೆ ಕೊಟ್ಟರೆ ಗ್ಯಾಲರಿಯವರಿಗೆ ಮೋಸ ಮಾಡಿದಂತೆ, ಎರಡೂ ಕಡೆ ಒಂದೇ ಬೆಲೆ. ವಿದ್ಯಾರ್ಥಿಗಳು ಕಂತಿನಲ್ಲಿ ಕೊಡಬಹುದು. ಚೌಕಾಶಿ ಬೇಡ, ಬೇಕಾದರೆ ಚಹಾ ಕುಡಿಸುತ್ತೇನೆ.

ಮುಂಗಡ ಕೊಟ್ಟೀವಿ, ಚಿತ್ರಾ ಆಗೇದ ಅಂತೀರಿ, ಮತ್ತ ಯಾಕ ಕಳಸವಲ್ರಿ?

ಒಮ್ಮೆ ಕಳಿಸಿ ಕೆಟ್ಟಿದ್ದೇನೆ, ಅದಕ್ಕೆ. ಗೃಹಪ್ರವೇಶಕ್ಕೆ ಬೇಕೇ ಬೇಕು ಎಂದು ಅವಸರ ಮಾಡಿದರು. ಮುಟ್ಟಿದರೆ ಅಂಟುತ್ತಿರಲಿಲ್ಲ, ಸಾಕು ಎಂದುಕೊಂಡು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿದೆ. ಮಾರ್ಚ್ ತಿಂಗಳು, ಮೂರು ದಿನ ಬಿಸಿಲಲ್ಲಿ ಪ್ರಯಾಣ. ಬಿಚ್ಚಿದಾಗ ಚಿತ್ರದಲ್ಲಿದ್ದ ಕೆಲಗೇರಿ ಕೆರೆಯ ಮೇಲೆಲ್ಲ ಸಾಲು ಸಾಲು ಗುಳ್ಳೆಯ ಗುರುತು. ಅವರು ಪಾಪ, “ಮಳಿ ಹನಿ ಬಿದ್ದಂಗ ಚಂದ ಕಾಣ್ತದ್ರಿ” ಅಂದರು. ನಾನು ವಾಪಸು ತರಿಸಿ ಹೊಸದು ಬರೆದುಕೊಟ್ಟೆ. ಈಗ ಮುಗಿದ ಮೇಲೂ ಎರಡು ತಿಂಗಳು ಕಳಿಸುವುದಿಲ್ಲ. ಕಳಿಸುವಾಗ ಮೊದಲು ಬಟರ್ ಪೇಪರಿನಂಥ ನುಣುಪು ಕಾಗದ, ಗುಳ್ಳೆಗಳು ಹೊರಮುಖವಾಗಿ. ಕೊನೆಯ ವಾರ್ನಿಷ್‌ಗೆ ಇನ್ನೂ ಆರು ತಿಂಗಳಿಂದ ವರ್ಷ ಬೇಕು, ಅದಕ್ಕೆ ನಾನೇ ಮನೆಗೆ ಬರುತ್ತೇನೆ ಅಥವಾ ಬಳಿಯುವುದು ಹೇಗೆಂದು ಹೇಳಿಕೊಡುತ್ತೇನೆ.

ಮಗಳು ಚಿತ್ರಕಲೆ ಓದ್ತೀನಿ ಅಂತ ಹಟ ಹಿಡಿದಿದಾಳೆ. ಎಲ್ಲಿ ಸೇರಿಸೋದು?

ಪಿಯುಸಿ ನಂತರ ನಾಲ್ಕು ವರ್ಷದ ಬಿವಿಎ, ಅಂದರೆ ದೃಶ್ಯಕಲೆಯ ಪದವಿ ಇದೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಎಲ್ಲರೂ ಕಾವಾ ಎನ್ನುತ್ತಾರೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಕಾಲೇಜು, ಆರ್.ಎಂ. ಹಡಪದ ಅವರು ಕಟ್ಟಿದ ಕೆನ್ ಕಲಾಶಾಲೆ. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ್ದೇ ದೃಶ್ಯಕಲಾ ಕಾಲೇಜಿದೆ. ನಮ್ಮ ಕಡೆ ಈ ಓದಿನ ಬೇರು ಹಳೆಯದು: ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕೈಯಾರೆ ಕಲಾಶಾಲೆ ಕಟ್ಟಿ ಹಳ್ಳಿಯ ಮಕ್ಕಳನ್ನು ಚಿತ್ರಗಾರರನ್ನಾಗಿ ಮಾಡಿದರು. ಸೇರಿಸುವ ಮೊದಲು ಅಲ್ಲಿನ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಎಲ್ಲರ ಚಿತ್ರವೂ ಒಬ್ಬ ಮೇಷ್ಟ್ರು ಬರೆದಂತೆ ಕಂಡರೆ ಬೇರೆ ಕಾಲೇಜು ನೋಡಿ.

ದುಡ್ಡು ಕೊಟ್ಟು ಕೊಂಡಿದೀನಿ, ಕ್ಯಾಲೆಂಡರ್ ಮಾಡಿಸಿ ಹಂಚಬಹುದಲ್ವಾ?

ಗೋಡೆಗೆ ತೂಗುಹಾಕಬಹುದು, ಮಾರಬಹುದು, ಮಗನ ಮದುವೆಗೆ ಉಡುಗೊರೆ ಕೊಡಬಹುದು. ಅಚ್ಚು ಹಾಕಿಸಲು ನನ್ನ ಲಿಖಿತ ಒಪ್ಪಿಗೆ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರ ಕೈಬದಲಾದರೂ ನಕಲು ಮಾಡುವ ಹಕ್ಕು ಬರೆದವರ ಬಳಿಯೇ ಉಳಿಯುತ್ತದೆ, ಅವರು ತೀರಿಕೊಂಡ ಮೇಲೂ 60 ವರ್ಷ. ಇದಕ್ಕೊಂದು ತಿರುವು ಇದೆ, ಚಿತ್ರಗಾರರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ: ನೀವೇ ಹೇಳಿ, ಹಣ ಕೊಟ್ಟು ಬರೆಸಿದ ಚಿತ್ರವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಮೊದಲ ಸ್ವಾಮ್ಯ ನಿಮ್ಮದೇ. ಆದ್ದರಿಂದ ಮುಂಗಡ ಹಿಡಿಯುವ ಮೊದಲು ನಾನು ಅರ್ಧ ಪುಟದ ಕರಾರು ಬರೆಸುತ್ತೇನೆ. ಕಲಾವಿದರೇ ಮೊದಲ ಸ್ವಾಮಿಯಾಗಿದ್ದ ಚಿತ್ರ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಅವರಿಗೊಂದು ಪಾಲು ಎಂದೂ ಕಾಯ್ದೆಯಲ್ಲಿದೆ. ನನಗಂತೂ ಇದುವರೆಗೆ ಒಂದು ರೂಪಾಯಿ ಬಂದಿಲ್ಲ.

## ಕಸುಬಿನವರು ಕೇಳುವವು

ಒಣಗಿದ ಮೇಲೆ ಕೆಲವು ಜಾಗ ಹೊಳಪು, ಕೆಲವು ಜಾಗ ಬೂದಿ ಬಳಿದ ಹಾಗೆ. ಏನು ಮಾಡಲಿ?

ಕೆಳಪದರ ಎಣ್ಣೆಯನ್ನು ಹೀರಿಕೊಂಡಿದೆ. ಕಂದು, ಕಪ್ಪು ಇರುವ ಕಡೆ ಹೆಚ್ಚು. ಬಣ್ಣ ತಪ್ಪಾಗಿದೆ ಎಂದು ಅದರ ಮೇಲೆ ಮತ್ತೆ ಬಣ್ಣ ಹಾಕಲು ಹೋಗಬೇಡಿ. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ, ಹಳೆಯ ಬನಿಯನ್ ಬಟ್ಟೆಯಿಂದ ಬೂದಿಯಾದ ಜಾಗಕ್ಕೆ ಮಾತ್ರ ತೆಳ್ಳಗೆ ಸವರಿ, ಎರಡು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹಾಕಿದ್ದ ಬಣ್ಣ ತಿರುಗಿ ಬರುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ನಿಮ್ಮ ಅಸ್ತರು ಹೀರುತ್ತಿದೆ, ಇನ್ನೊಂದು ಕೋಟು ಬಳಿಯಿರಿ.

ಮುಗೀತು ಅಂತ ನಿಮಗ ಹೆಂಗ ಗೊತ್ತಾಗತದ?

ಸಣ್ಣಪುಟ್ಟದ್ದನ್ನು ತಿದ್ದುವ ನಂಬರ್ 2 ಬ್ರಶ್ಶಿಗೆ ಕೈ ಹೋಯಿತೆಂದರೆ ಎದ್ದುಬಿಡುತ್ತೇನೆ. ಚಿತ್ರವನ್ನು ಗೋಡೆಗೆ ಮುಖ ಮಾಡಿ ಮೂರು ವಾರ ಇಡುತ್ತೇನೆ. ತಿರುಗಿಸಿದಾಗ ಕಣ್ಣು ಮೊದಲು ಹೋದದ್ದು, ನಾನು ಯಾವುದನ್ನು ಕಂಡು ಅಲ್ಲಿ ಸ್ಟೂಲು ಹಾಕಿ ಕೂತೆನೋ ಅಲ್ಲಿಗೇ ಆದರೆ ಸಹಿ ಹಾಕುತ್ತೇನೆ. ಬೇರೆಲ್ಲೋ ಹೋದರೆ, ಆ ಬೇರೆಡೆಯ ಚಂದವನ್ನು ಕೆರೆದು ತೆಗೆಯಬೇಕು. ಅದು ಕಷ್ಟ. ಸಾಮಾನ್ಯವಾಗಿ ಅದೇ ಚಿತ್ರದ ಅತಿ ಚೆನ್ನಾಗಿ ಬಂದ ಭಾಗವಾಗಿರುತ್ತದೆ.

ಅಜ್ಜಾರ ಕಾಲದ ಎಣ್ಣಿ ಬಣ್ಣದ ಚಿತ್ರಾ ಹೊಲಸಾಗೇದ. ಬಟಾಟಿ ಹೆಚ್ಚಿ ತಿಕ್ಕಿದರ ಸ್ವಚ್ಛ ಆಗತದ ಅಂತಾರಲ್ಲ?

ದಯವಿಟ್ಟು ಬೇಡ. ಬಟಾಟೆ, ಉಳ್ಳಾಗಡ್ಡಿ, ಬ್ರೆಡ್ಡು ಯಾವುದೂ ಬೇಡ. ತಿಕ್ಕಿದಾಗ ಕೊಳೆ ಹೋದಂತೆ ಕಾಣುತ್ತದೆ ನಿಜ, ಆದರೆ ಪಿಷ್ಟ ಮತ್ತು ನೀರು ಬಿರುಕುಗಳೊಳಗೆ ಇಳಿದು ಕೂರುತ್ತವೆ. ಮುಂದಿನ ಮಳೆಗಾಲಕ್ಕೆ ಅಲ್ಲಿ ಬೂಷ್ಟು, ಅದನ್ನು ತಿನ್ನಲು ಹುಳ. ಚಿತ್ರವನ್ನು ನೆಟ್ಟಗೆ ನಿಲ್ಲಿಸಿ, ಒಣಗಿದ ಮೆತ್ತನೆ ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಧೂಳು ಇಳಿಸಿ. ಬಣ್ಣ ಹೊಪ್ಪಳಿಕೆ ಎದ್ದಿದ್ದರೆ ಅದನ್ನೂ ಮಾಡಬೇಡಿ. ಬೆಂಗಳೂರಿನಲ್ಲಿ ಇಂಟಾಕ್ ಸಂಸ್ಥೆಯ ಕಲಾಕೃತಿ ಸಂರಕ್ಷಣಾ ಕೇಂದ್ರವಿದೆ, ಮೊದಲು ಫೋಟೋ ಕಳಿಸಿ ಕೇಳಿ. ಅಲ್ಲಿಯವರೆಗೆ ಅಜ್ಜನವರ ಚಿತ್ರವನ್ನು ದೇವರ ಮನೆಯ ಊದುಬತ್ತಿ ಹೊಗೆ ತಾಗದ ಇನ್ನೊಂದು ಗೋಡೆಗೆ ಸರಿಸಿ.